ಕಂಪ್ಯೂಟರಿಗೆ ದಕ್ಕದ ನಂಟು

ಉತ್ತರಹಳ್ಳಿ
ಶುಕ್ರವಾರ, ೧೩ ಜೂನ್ ೨೦೨೫

ನನ್ನ ಬಂಗಾರ ಇಂಚರಾ,

ಹೇಗಿದ್ದೀಯೇ? ಕೆಮ್ಮು ಕಡಿಮೆಯಾಯಿತಾ? ಬಿಟಿಎಂನ ಆ ಪಿ.ಜಿ.ಯಲ್ಲಿ ಸಾರು ಬರೀ ನೀರು ಎಂದು ನಿನ್ನ ಗೆಳತಿ ಮೈತ್ರಿ ಹೇಳಿದಳು. ಕೇಳಿ ಹೊಟ್ಟೆ ಉರಿಯಿತು. ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದವನ್ನು ಅವಳ ಕೈಯಲ್ಲಿ ಕಳಿಸುತ್ತಿದ್ದೇನೆ. ಬೈಯುವುದಕ್ಕಲ್ಲ, ಪೂರ್ತಿ ಓದು. ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಆದರೆ ನೀನಿಲ್ಲದೆ ಮನೆ ಬಿಕೋ ಎನ್ನುತ್ತಿದೆ. ಮಂಡಿನೋವಿನ ಮಾತ್ರೆ ನುಂಗಿದೆಯಾ ಎಂದು ಗದರುವವರೂ ಇಲ್ಲ.

ನಿನ್ನ ಕಾಲೇಜಿನ ಪ್ರಾಜೆಕ್ಟ್ ಬಗ್ಗೆಯೇ ಯೋಚಿಸುತ್ತಿರುತ್ತೇನೆ. ಯಾವ ಇಬ್ಬರ ಹೆಸರು ಕೊಟ್ಟರೂ ಅವರು ಒಬ್ಬರಿಗೊಬ್ಬರು ಏನಾಗಬೇಕು ಎಂದು ಕಂಪ್ಯೂಟರ್ ಹೇಳಬೇಕು, ಅಷ್ಟೇ ತಾನೆ? ನಿಮ್ಮ ಮೇಡಂ 'ಒಂದೇ ಮನೆ ಸಾಕಮ್ಮ' ಅಂದರಂತೆ. ನೀನು ಕೇಳಬೇಕಲ್ಲ! ಹಳೇ ಉತ್ತರಹಳ್ಳಿ ಪೂರ್ತಿ ಬೇಕು ಎಂದು ಹಟ ಹಿಡಿದೆ. ನನ್ನ ಕೈ ಹಿಡಿದುಕೊಂಡು ಮನೆಮನೆ ಸುತ್ತಿದೆ. ನಾರಾಯಣಮ್ಮನ ಜಗಲಿಯಲ್ಲಿ ಕೂತು ನಾವಿಬ್ಬರು ಮುದುಕಿಯರು ಹೇಳಿದ್ದನ್ನೆಲ್ಲಾ ಲ್ಯಾಪ್‌ಟಾಪಿನಲ್ಲಿ ಟಕಟಕ ಹೊಡೆದುಕೊಂಡೆ. ನಮ್ಮ ಕಾಲದ ಮಾತನ್ನು ನನ್ನ ಬಾಯಿಂದ ಕೇಳುವವರು ಬೇರೆ ಯಾರಿದ್ದಾರೆ? ಆ ಮಧ್ಯಾಹ್ನಗಳು ಮತ್ತೆ ಬೇಕು ಅನ್ನಿಸುತ್ತದೆ ಕಣೇ.

ಕೊನೆಗೆ ಆ ಕಂಪ್ಯೂಟರ್ ನಮ್ಮ ಮನೆಗೇ ಬಂದು ಸಿಕ್ಕಿಹಾಕಿಕೊಂಡಿತಲ್ಲ! ನಿನ್ನ ತಾತ ಪಿಳ್ಳಣ್ಣ ನನ್ನ ತಾಯಿಯ ಸ್ವಂತ ತಮ್ಮ. ಸೋದರಮಾವನಿಗೇ ನನ್ನನ್ನು ಕೊಟ್ಟರು. ಹಾಗಾಗಿ ನನ್ನ ತಾಯಿ ನಿಮ್ಮಪ್ಪನಿಗೆ ಅಜ್ಜಿಯೂ ಹೌದು, ಅತ್ತೆಯೂ ಹೌದು. ನಮಗೆ ಅದು ಮಾಮೂಲು. ಗೌರಿಹಬ್ಬ ಬಂದರೆ ತಮ್ಮನ ಲೆಕ್ಕದಲ್ಲಿ ಒಂದು, ಅಳಿಯನ ಲೆಕ್ಕದಲ್ಲಿ ಇನ್ನೊಂದು ಎಂದು ನಿನ್ನ ತಾತನಿಂದ ಎರಡೆರಡು ಸೀರೆ ಕೀಳುತ್ತಿದ್ದಳು ಮಹಾತಾಯಿ! ನೀನು ಮಾತ್ರ ಇಬ್ಬರ ನಡುವೆ ಒಂದೇ ನಂಟು ಎಂದು ಕಂಪ್ಯೂಟರಿಗೆ ಕಲಿಸಿದ್ದೆ. ಈ ಮನೆಯಲ್ಲೇ ಬೆಳೆದೂ ನಿನಗದು ಹೊಳೆಯಲಿಲ್ಲವಲ್ಲ! ಊರಿನ ಅರ್ಧ ಮದುವೆಗಳು ಹೀಗೇ. ಪ್ರಾಜೆಕ್ಟ್ ತೋರಿಸುವ ದಿನ ಮೇಷ್ಟ್ರುಗಳ ಮುಂದೆ ಕಂಪ್ಯೂಟರ್ ಸುತ್ತಿ ಸುತ್ತಿ ನಿಂತೇಬಿಟ್ಟಿತು. ಅಳುಮುಖ ಮಾಡಿಕೊಂಡು ಬಂದವಳನ್ನು ನೋಡಿ ನಿಮ್ಮಪ್ಪ ದೇವರಾಜ ನೆಂಟರೆದುರಿಗೇ, 'ಊರನ್ನೇ ಡಬ್ಬಿಗೆ ತುಂಬೋಕೆ ಹೋದ್ಯಾ ತಾಯಿ?' ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ನೀನು ಆವತ್ತೇ ಬ್ಯಾಗ್ ತುಂಬಿಕೊಂಡು ಹೊರಟೆ. ಅವನು ನಕ್ಕಿದ್ದು ತಪ್ಪೇ. ನಾನು ಚೆನ್ನಾಗಿ ಉಗಿದಿದ್ದೇನೆ.

ಆಮೇಲೆ ಮೈತ್ರಿಯ ಮನೆಯವರ ನಂಟನ್ನಷ್ಟೇ ಕಂಪ್ಯೂಟರಿನಲ್ಲಿ ತೋರಿಸಿ ಪಾಸಾದೆಯಂತೆ. ಸಂತೋಷ. ಆದರೂ ಊರನ್ನು ಕೈಬಿಡಬೇಡ ಕಂದ. ಕೇಳಬೇಕಾದ ಮನೆಗಳು ಇನ್ನೂ ಇವೆ, ನನಗೂ ವಯಸ್ಸಾಯಿತು.

ದೇವರು ನಿನ್ನನ್ನು ತಣ್ಣಗಿಟ್ಟಿರಲಿ. ಮೈತ್ರಿಗೂ ನನ್ನ ಆಶೀರ್ವಾದ.

ನಿನ್ನ ದಾರಿ ನೋಡುತ್ತಿರುವ ಅಜ್ಜಿ,
ಮುನಿಯಕ್ಕ

ಮರೆತೆ, ಇದನ್ನು ಹೇಳಿದೆನೆಂದು ಯಾರಿಗೂ ಹೇಳಬೇಡ. ನಿಮ್ಮಪ್ಪ ಭಾನುವಾರ ಬಂದರೆ ಗಾಡಿ ರಿಪೇರಿ ಎಂದು ಹೊರಡುತ್ತಾನೆ. ಗಾಡಿಗೆ ಏನೂ ಆಗಿಲ್ಲ. ನಿನ್ನ ಪಿ.ಜಿ. ಎದುರಿನ ಟೀ ಅಂಗಡಿಯಲ್ಲಿ ಕೂತಿರುತ್ತಾನೆ. ಹೋದ ವಾರ ನೀನು ಹೊರಗೆ ಬಂದಾಗ ಪೇಪರ್ ಅಡ್ಡ ಹಿಡಿದುಕೊಂಡನಂತೆ. ಮನೆಗೆ ಬಂದು 'ಸೊರಗೋಗವ್ಳೆ ಕಣವ್ವಾ' ಎಂದವನು ಊಟ ಮುಟ್ಟಲಿಲ್ಲ. ನಗುವುದಕ್ಕೆ ಬಾಯಿತ್ತು, ಮಗಳನ್ನು ಕರೆಯುವುದಕ್ಕೆ ಇಲ್ಲ ಆ ಹೆಡ್ಡನಿಗೆ. ನಾಡಿದ್ದು ಭಾನುವಾರ ನೀನೇ ರಸ್ತೆ ದಾಟಿ ಹೋಗಿ ಅವನ ಪಕ್ಕ ಕೂತುಕೋ.