ಏಳನೇ ನಂಬರಿನ ಗರಗಸ

ಮಾರ್ಚ್ 3, ಸೋಮವಾರ. ಬೆಳಗ್ಗೆ 7.40

ನಾಲ್ಕು ಗರಗಸದ ಚೈನ್‌ಗೆ ಅರ ಹಾಕಿ ಮುಗಿಯಿತು. ಐದನೆಯದಕ್ಕೆ ಮೊಳೆ ಸಿಕ್ಕಿ ಮೂರು ಹಲ್ಲು ಹೋಗಿವೆ. ಯಾವನೋ ಮರಕ್ಕೆ ಬೋರ್ಡು ಹೊಡೆದ, ಹಲ್ಲು ಉದುರಿದ್ದು ನನ್ನ ಚೈನ್‌ದು.

ಬಲಗೈಯ ಎರಡು ಬೆರಳು ಮತ್ತೆ ಬೆಳ್ಳಗಾಗಿವೆ. ಚಳಿಗೆ ಹೀಗೇ. ಇಪ್ಪತ್ತೆಂಟು ವರ್ಷ ಹಳೇ ಮಷಿನ್‌ಗಳ ನಡುಕ ಹಿಡಿದದ್ದರ ಫಲ. ಬಿಸಿ ಲೋಟ ಹಿಡಿದು ಕೂತರೆ ಹತ್ತು ನಿಮಿಷಕ್ಕೆ ಜೀವ ಬರುತ್ತದೆ.

ಸಾಹೇಬರು ಬಂದಿದ್ದರು. ಪಾರ್ಕ್ ಇಲಾಖೆಗೆ ಹೊಸ ಚೈನ್‌ಸಾ ಮೂರು ಬಂದಿವೆ, ಸ್ಯಾಂಪಲ್. ಹಳೆಯವುಗಳ ಪಕ್ಕ ಇಟ್ಟು ನೋಡಿ ರಿಪೋರ್ಟ್ ಕೊಡಬೇಕಂತೆ. ಯಾವುದು ಚೆನ್ನಾಗಿ ಕೊಯ್ಯುತ್ತೆ, ಯಾವುದು ಬಾಳಿಕೆ, ಯಾವುದು ಸೇಫ್.

"ಹಳೇದೆಲ್ಲ ಚಿನ್ನ, ಹೊಸದೆಲ್ಲ ಪ್ಲಾಸ್ಟಿಕ್ಕು ಅಂತ ಬರೀಬೇಡಿ ಮೇಸ್ತ್ರಿ."

ಹಾಗೇ ಬರೆಯೋಣ ಅಂತಿದ್ದೆ.

ಮಾರ್ಚ್ 5, ಬುಧವಾರ. ಸಂಜೆ

ಹಳೇ ನಾಲ್ಕನೇ ನಂಬರು, ಹೊಸ ಒಂದನೇ ನಂಬರು. ಒಂದೇ ದಿಮ್ಮಿ. ಹಳೇದಕ್ಕೆ ಹತ್ತೊಂಬತ್ತು ಸೆಕೆಂಡು, ಹೊಸದಕ್ಕೆ ಹದಿನಾರು. ಮೂರು ಸಲ ಕೊಯ್ಸಿದೆ. ಮೂರು ಸಲವೂ ಹೊಸದೇ ಮುಂದೆ. ಹೊಟ್ಟೆ ಉರಿಯಿತು.

ತೂಕ ಒಂದೂವರೆ ಕೆ.ಜಿ. ಕಡಿಮೆ. ಎರಡೇ ಎಳೆತಕ್ಕೆ ಸ್ಟಾರ್ಟ್. ನಡುಕ ಇಲ್ಲವೇ ಇಲ್ಲ — ಬೆಕ್ಕನ್ನು ಎತ್ತಿಕೊಂಡ ಹಾಗೆ. ಇಂಥದ್ದು ಆಗ ಇದ್ದಿದ್ದರೆ ನನ್ನ ಬೆರಳು ನನ್ನದಾಗಿಯೇ ಇರುತ್ತಿತ್ತು.

ಆದರೆ ಹಳೇದನ್ನು ಎರಡು ಸ್ಪ್ಯಾನರ್, ಒಂದು ಸ್ಕ್ರೂಡ್ರೈವರ್‌ನಲ್ಲಿ ಕಣ್ಣು ಮುಚ್ಚಿ ಬಿಚ್ಚುತ್ತೇನೆ. ಹೊಸದಕ್ಕೆ ಕಾರ್ಬೊರೇಟರ್ ತಿರುಗಿಸುವ ಸ್ಕ್ರೂವೇ ಇಲ್ಲ. ಲ್ಯಾಪ್‌ಟಾಪ್ ಚುಚ್ಚಬೇಕಂತೆ. ಬೆಂಚ್ ಮೇಲಿಂದ ಒಂದು ಸಲ ಬಿತ್ತು, ಕವರ್ ಸೀಳು ಬಿಟ್ಟಿತು. ಬೇಕಂತ ಬೀಳಿಸಲಿಲ್ಲ. ಮೊಣಕೈ ತಾಗಿತು. ಸ್ವಲ್ಪ ಜೋರಾಗಿ ತಾಗಿತು.

ಕೊಯ್ದವಳು ಅಣ್ಣನ ಮಗಳು. ಕೆಲಸಕ್ಕೆ ಸೇರಿ ಎರಡು ವರ್ಷ. ಮರ ಹತ್ತುವುದರಲ್ಲಿ ಅವಳನ್ನು ಬಿಟ್ಟರಿಲ್ಲ, ಗ್ಯಾಂಗಿನವರು 'ಮರಕುಟಿಗ' ಅಂತಾರೆ. ಗರಗಸ ಹಿಡಿದರೆ ಎರಡು ಕೈಯ ಗೆಣ್ಣೂ ಸುಣ್ಣದ ಹಾಗೆ ಬಿಳಿ.

"ಅಷ್ಟು ಬಿಗಿ ಯಾಕೆ? ತೋಳು ಹೋಗುತ್ತೆ."

"ಹೋಗ್ಲಿ ಚಿಕ್ಕಪ್ಪ. ಅಪ್ಪನ ಹಾಗೆ ಇವಳೂ ಒಂದೇ ಕೈಲಿ ಹಿಡಿದ್ಲು ಅನ್ನಿಸ್ಕೊಳ್ಳಲ್ಲ ನಾನು."

ನಗುನಗುತ್ತಲೇ ಹೇಳಿದಳು.

ಅಣ್ಣ ಹೋಗಿ ಹನ್ನೊಂದು ವರ್ಷ. ಬಿದ್ದ ಮರದ ಕೊಂಬೆ ಸವರುತ್ತಿದ್ದ. ಚೈನ್ ಸುತ್ತುವ ಬಾರ್‌ನ ತುದಿ ಇನ್ನೊಂದು ಕೊಂಬೆಗೆ ತಾಗಿ ಗರಗಸ ಎಗರಿತು. ಕುತ್ತಿಗೆಗೆ. ವ್ಯಾನ್ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಗ ಹತ್ತಿರ ಯಾರೂ ಇರಲಿಲ್ಲ. ವಿಚಾರಣೆಯಲ್ಲಿ ಬರೆದದ್ದು: ಒಂದೇ ಕೈಯಲ್ಲಿ ಹಿಡಿದಿದ್ದ, ಅಜಾಗರೂಕತೆ.

ಅವತ್ತು ಅವನ ಕೈಯಲ್ಲಿದ್ದದ್ದು ಏಳನೇ ನಂಬರು.

ಮಾರ್ಚ್ 6, ಗುರುವಾರ. ಮಧ್ಯಾಹ್ನ 1.15

ಊಟದ ಹೊತ್ತು. ಎಲ್ಲ ಮಷಿನ್ ಆಫ್. ಸ್ಟೋರ್ ರೂಮಿನಿಂದ ಏಳನೆಯದರ ಐಡಲ್, ಕೊಯ್ಯದೆ ಸುಮ್ಮನೆ ಓಡುವಾಗಿನ ಸದ್ದು, ಕೇಳಿಸಿತು. ಅದರ ಸದ್ದು ಬೇರೆ. ಮೂರು ಬಡಿತ, ಒಂದು ತಪ್ಪು, ಮತ್ತೆ ಮೂರು. ಎಷ್ಟು ಟ್ಯೂನ್ ಮಾಡಿದರೂ ಆ ಒಂದು ತಪ್ಪು ಹೋಗಿರಲಿಲ್ಲ.

ಹೋಗಿ ನೋಡಿದೆ. ಮೇಲಿನ ಅಟ್ಟದಲ್ಲಿ ಅದನ್ನು ತುಂಬಿಟ್ಟ ಗೋಣಿಚೀಲ. ಕಟ್ಟಿದ ಹಗ್ಗ ಹಾಗೇ ಇದೆ. ಒಂದು ಬೆರಳು ದಪ್ಪ ಧೂಳು.

ಕಿವಿ ಡಾಕ್ಟರು ಹೋದ ವರ್ಷವೇ ಹೇಳಿದ್ದಾರೆ, ಕಿವಿ ಹಾಳಾದ ಮೇಲೆ ತಾನೇ ಸದ್ದು ಹುಟ್ಟಿಸಿಕೊಳ್ಳುತ್ತೆ ಅಂತ. ಸರಿ. ಆದರೆ ಹನ್ನೆರಡು ಮಷಿನ್‌ನ ಸದ್ದು ಇರುವಾಗ ಇದೊಂದೇ ಯಾಕೆ...

ಮಾರ್ಚ್ 10, ಸೋಮವಾರ

ಮರಕುಟಿಗದ್ದು ಹಟ. "ಹಳೇ ಮಷಿನ್‌ಗಳಲ್ಲಿ ಏಳೇ ರಾಜ ಅಂತ ನೀವೇ ಹೇಳ್ತಿದ್ರಲ್ಲ ಚಿಕ್ಕಪ್ಪ. ಅದನ್ನ ಬಿಟ್ಟು ಮಿಕ್ಕಿದ್ದನ್ನೆಲ್ಲ ಹೊಸದರ ಜೊತೆ ಓಡಿಸಿದ್ರೆ ಏನು ನ್ಯಾಯ?"

"ಅದು ಕೆಟ್ಟು ನಿಂತಿದೆ."

"ರಿಪೇರಿ ಮಾಡಿ. ನನ್ ಕೈಲೇ ಕೊಯ್ಸಿ. ಅಪ್ಪನ ಮಷಿನ್ ಒಂದ್ಸಲ ಹಿಡೀಬೇಕು ನಂಗೆ. ಬ್ರೇಕ್ ಹೇಗಿತ್ತು ನೋಡ್ಬೇಕು."

ಸಾಹೇಬರು ಅಲ್ಲೇ ಇದ್ದರು. "ಆಗಲಿ, ಅದೂ ಸೇರಲಿ" ಅಂದುಬಿಟ್ಟರು.

ಚೀಲ ಇಳಿಸಿದೆ. ನೆನಪಿನಲ್ಲಿದ್ದದ್ದಕ್ಕಿಂತ ಭಾರ. ಬೆಂಚ್ ಕೆಳಗೆ ತಳ್ಳಿ ಬಂದಿದ್ದೇನೆ.

ಮಾರ್ಚ್ 11, ಮಂಗಳವಾರ. ಬೆಳಗ್ಗೆ 6.30

ಯಾರೂ ಬಂದಿಲ್ಲ. ಬಾಗಿಲು ಹಾಕಿಕೊಂಡು ಬಿಚ್ಚಿದೆ.

ಇದೆ. ನಾನು ಸುತ್ತಿದ ಹಾಗೇ ಇದೆ.

ಇಲ್ಲಾದರೂ ಬರೆಯುತ್ತೇನೆ. ಮುಂದಿನ ಹಿಡಿಯ ಎದುರಿಗೆ ಒಂದು ಅಡ್ಡಪಟ್ಟಿ ಇರುತ್ತದೆ. ಗರಗಸ ಮುಖದ ಕಡೆ ಎಗರಿದರೆ ಎಡಗೈ ಮಣಿಕಟ್ಟು ಅದಕ್ಕೆ ತಾಗಬೇಕು, ಪಟ್ಟಿ ಮುಂದಕ್ಕೆ ಬೀಳಬೇಕು, ಚೈನ್ ಗಕ್ಕನೆ ನಿಲ್ಲಬೇಕು. ಅದೇ ಬ್ರೇಕು. ಏಳನೆಯದರ ಬ್ರೇಕು ಸವೆದು, ಸುಮ್ಮಸುಮ್ಮನೆ ಕೊಯ್ಯುವ ಮಧ್ಯೆಯೇ ಬೀಳುತ್ತಿತ್ತು. ಸ್ಪೇರ್ ಬಂದಿರಲಿಲ್ಲ. ಕೆಲಸ ನಿಲ್ಲಬಾರದಿತ್ತು. ಪಟ್ಟಿಯನ್ನು ಹಿಡಿಗೆ ಸೇರಿಸಿ ತಂತಿ ಸುತ್ತಿದೆ. ಮೇಲೆ ಕಪ್ಪು ಟೇಪು. ಎರಡು ದಿನದ ಮಟ್ಟಿಗೆ ಅಂದುಕೊಂಡಿದ್ದೆ.

ಎರಡನೇ ದಿನವೇ ಅಣ್ಣ ಹೋದ.

ವಿಚಾರಣೆಗೆ ಬಂದವರು ಚೀಲ ಬಿಚ್ಚಲೇ ಇಲ್ಲ. 'ಮಷಿನ್ ಸುಸ್ಥಿತಿಯಲ್ಲಿತ್ತು' ಅಂತ ನಾನು ಸಹಿ ಹಾಕಿದ ಹಾಳೆ ಸಾಕಾಯಿತು. ಮಷಿನ್ ಸರಿಯಿದ್ದ ಮೇಲೆ ತಪ್ಪು ಮನುಷ್ಯನದೇ ಆಗಬೇಕಲ್ಲ. ಬ್ರೇಕ್ ಯಾಕೆ ಬೀಳಲಿಲ್ಲ? ಎಡಗೈ ಹಿಡಿಯ ಮೇಲೆ ಇರಲಿಲ್ಲ, ಅದಕ್ಕೆ. ಒಂದೇ ಕೈ. ಲೆಕ್ಕ ಸರಿಹೋಯಿತು.

7.50 — ತಂತಿ ಕತ್ತರಿಸಿದೆ. ಡ್ರಾಯರ್‌ಗೆ ಹಾಕಿದೆ. ಹೊಸ ಪಟ್ಟಿ, ಹೊಸ ಸ್ಪ್ರಿಂಗು ಕೂರಿಸಿದೆ.

ಮಾರ್ಚ್ 12, ಬುಧವಾರ. ಸಂಜೆ 5

ಏಳು ಎದ್ದಿತು. ಹನ್ನೊಂದು ವರ್ಷ ಮಲಗಿದ್ದದ್ದು ಆರನೇ ಎಳೆತಕ್ಕೆ ಕೆಮ್ಮಿ ಎದ್ದಿತು. ಮೂರು ಬಡಿತ, ಒಂದು ತಪ್ಪು. ಈ ಸಲ ಎಲ್ಲರಿಗೂ ಕೇಳಿಸಿತು.

ಅವಳು ಕೊಯ್ದಳು. ಹದಿನೇಳು ಸೆಕೆಂಡು. ಹೊಸದಕ್ಕಿಂತ ಒಂದೇ ಸೆಕೆಂಡು ಹಿಂದೆ. ಹುಡುಗರು ಶಿಳ್ಳೆ ಹಾಕಿದರು. ಆಮೇಲೆ ಬ್ರೇಕ್ ಪರೀಕ್ಷೆ. ಹೊಸದರದು ಕಣ್ಣು ಮಿಟುಕಿಸುವಷ್ಟರಲ್ಲಿ ನಿಂತಿತು. ಏಳನೆಯದು — ಗಕ್. ಅದೂ ನಿಂತಿತು. ಅವಳು ನಾಲ್ಕು ಸಲ ಮಾಡಿ ನೋಡಿದಳು. ನಾಲ್ಕು ಸಲವೂ.

ಮಷಿನ್ ಕೆಳಗಿಟ್ಟಳು. ಹೆಲ್ಮೆಟ್ ತೆಗೆಯಲಿಲ್ಲ.

"ಬ್ರೇಕ್ ಚೆನ್ನಾಗೇ ಇದೆ ಚಿಕ್ಕಪ್ಪ."

"ಹೂಂ."

"ಹಾಗಾದ್ರೆ ಅವರು ಬರೆದಿದ್ದು ನಿಜಾನೇ. ಅಪ್ಪಂದೇ ತಪ್ಪು." ಕೈಗವಸು ಕಳಚಿದಳು. "ನಾನು ಎಷ್ಟು ಜನದ ಹತ್ರ ಜಗಳ ಆಡಿದ್ದೆ ಗೊತ್ತಾ, ಅಪ್ಪ ಅಂಥವರಲ್ಲ ಅಂತ."

ಆಗ ಹೇಳಬಹುದಿತ್ತು. ಬಾಯಿ ತೆರೆದೆ. "ನೀರು ಕುಡಿ, ಬಿಸಿಲಿದೆ" ಅಂದೆ.

ಮಾರ್ಚ್ 24, ಸೋಮವಾರ

ಹನ್ನೆರಡು ದಿನ ಬರೆದಿಲ್ಲ.

ರಿಪೋರ್ಟ್ ಹಾಳೆ ಹಾಗೇ ಇದೆ. ವೇಗ ತುಂಬಿಸಿದ್ದೇನೆ. ತೂಕ, ನಡುಕ, ಪೆಟ್ರೋಲು, ಬಾಳಿಕೆ ಎಲ್ಲ ತುಂಬಿಸಿದ್ದೇನೆ. ಸುರಕ್ಷತೆ ಅನ್ನುವಲ್ಲಿ ಪೆನ್ನು ನಿಂತಿದೆ.

ಅವಳು ಕೆಲಸಕ್ಕೆ ಬರುತ್ತಾಳೆ, ಹೋಗುತ್ತಾಳೆ. ಯಾರ ಜೊತೆಗೂ ಜಗಳ ಇಲ್ಲ, ತಮಾಷೆ ಇಲ್ಲ. ನಿನ್ನೆ ಅತ್ತಿಗೆ ಮನೆಗೆ ಹೋಗಿದ್ದೆ. ಹನ್ನೊಂದು ವರ್ಷದಿಂದ, ಹೋದಾಗಲೆಲ್ಲ ಅತ್ತಿಗೆ ಒಂದು ಮಾತು ತಪ್ಪದೆ ಹೇಳುತ್ತಿದ್ದರು: "ನಿಮ್ಮಣ್ಣ ಹಾಲಿನ ಲೋಟಾನೂ ಎರಡು ಕೈಲಿ ಹಿಡೀತಿದ್ದ ಮನುಷ್ಯ ಕಣೋ." ನನಗೆ ಆ ಮಾತು ಕೇಳಿದರೆ ಮೈಯೆಲ್ಲ ಮುಳ್ಳು. ಬೇಗ ಎದ್ದು ಬಂದುಬಿಡುತ್ತಿದ್ದೆ.

ನಿನ್ನೆ ಹೇಳಲಿಲ್ಲ. ಕಾಯುತ್ತಾ ಕೂತೆ. ಹೇಳಲೇ ಇಲ್ಲ. ಮಗಳು ಹೇಳಿದ್ದಾಳೆ, ಬ್ರೇಕ್ ಸರಿಯಿದೆ ಅಂತ.

ಅಣ್ಣ ಒಂದು ಸಲ ಸತ್ತದ್ದು ಸಾಲದಾಯಿತು ನನಗೆ.

ಮಾರ್ಚ್ 28, ಶುಕ್ರವಾರ. ಸಂಜೆ 6

ಹೇಳಿದೆ.

ಅತ್ತಿಗೆ ಒಣಗಿದ ಬಟ್ಟೆ ಮಡಿಸುತ್ತಿದ್ದರು. ಮರಕುಟಿಗ ಬೂಟಿನ ಲೇಸು ಬಿಚ್ಚುತ್ತಿದ್ದಳು. ತಂತಿಯನ್ನು ಮೇಜಿನ ಮೇಲಿಟ್ಟೆ. ಟೇಪು ಅಂಟಿಕೊಂಡೇ ಇತ್ತು. ಎಲ್ಲಿಂದ ಶುರು ಮಾಡಬೇಕು ಅಂತ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತೆಲ್ಲ ಎಲ್ಲಿ ಹೋಯಿತೋ. "ಇದನ್ನ ನಾನು ಸುತ್ತಿದ್ದೆ. ಬ್ರೇಕ್ ಬೀಳದ ಹಾಗೆ. ಅಣ್ಣ ಎರಡು ಕೈಲಿ ಹಿಡಿದಿದ್ರೂ ಚೈನ್ ನಿಲ್ತಿರಲಿಲ್ಲ" ಅಂದೆ. ಅಷ್ಟೇ.

ಅತ್ತಿಗೆ ಮಡಿಸುವುದನ್ನು ನಿಲ್ಲಿಸಲಿಲ್ಲ. ಒಂದು ಅಂಗಿ. ಇನ್ನೊಂದು. ಅದೇ ಅಂಗಿಯನ್ನು ಬಿಚ್ಚಿ ಮತ್ತೆ ಮಡಿಸಿದರು.

ಅವಳು ಕೇಳಿದಳು, "ನಾನು ಪರೀಕ್ಷೆ ಮಾಡಿದ್ದು?"

"ಹಿಂದಿನ ದಿನ ಹೊಸದು ಹಾಕಿದ್ದೆ."

"ನನ್ ಎದುರಿಗೆ ನಿಂತಿದ್ರಿ. ನಾನು ಅಪ್ಪಂದೇ ತಪ್ಪು ಅಂದಾಗ ನೀರು ಕುಡಿ ಅಂದ್ರಿ."

ಕಿರುಚಿದ್ದರೆ ಚೆನ್ನಾಗಿತ್ತು. ಹೊಡೆದಿದ್ದರೂ. ತಂತಿಯನ್ನು ಪೇಪರಿನಲ್ಲಿ ಸುತ್ತಿ ನನ್ನ ಕಡೆ ತಳ್ಳಿದಳು. "ಇಲ್ಲಿ ಹೇಳಿದ್ದು ಸಾಲದು. ಎಲ್ಲಿ ಸುಳ್ಳು ಸಹಿ ಹಾಕಿದ್ರೋ ಅಲ್ಲೇ ಹೇಳಿ, ಮೇಸ್ತ್ರಿ."

ಮೇಸ್ತ್ರಿ ಅಂದಳು. ಹುಟ್ಟಿದ ಹನ್ನೊಂದನೇ ದಿನ ಎತ್ತಿಕೊಂಡವನು ನಾನು.

ಏಪ್ರಿಲ್ 2, ಬುಧವಾರ. ಮಧ್ಯಾಹ್ನ

ರಿಪೋರ್ಟ್ ಕೊಟ್ಟೆ. ಸುರಕ್ಷತೆ ಅನ್ನುವಲ್ಲಿ ಬರೆದದ್ದು ಇಲ್ಲಿಗೂ ಇಳಿಸಿಕೊಳ್ಳುತ್ತೇನೆ:

'ಹಳೆಯ ಮಷಿನ್‌ಗಳು ಗಟ್ಟಿ. ಯಾರು ಬೇಕಾದರೂ ಬಿಚ್ಚಬಹುದು, ಕಟ್ಟಬಹುದು. ಅದು ಅವುಗಳ ಗುಣ ಅಂತ ಇಷ್ಟು ದಿನ ಹೇಳುತ್ತಿದ್ದೆ. ತಂತಿ ಸುತ್ತುವುದಕ್ಕೂ ಅದೇ ಅನುಕೂಲ. ಹೊಸದರಲ್ಲಿ ಪಟ್ಟಿ ಕಟ್ಟಿಹಾಕಿ ನೋಡಿದೆ, ಸ್ಟಾರ್ಟ್ ಆಗಲೇ ಇಲ್ಲ. ಹೊಸದನ್ನೇ ಕೊಳ್ಳಿ. ಏಳನೇ ನಂಬರಿನ ಬ್ರೇಕನ್ನು ಕಟ್ಟಿದವನು ನಾನು. ಆ ದಿನ ಸತ್ತವನದು ತಪ್ಪಿರಲಿಲ್ಲ. ತಂತಿ ಲಗತ್ತಿಸಿದೆ.'

ಸಾಹೇಬರು ಎರಡು ಸಲ ಓದಿದರು. ಬಾಗಿಲು ಹಾಕಿದರು.

"ಮೇಸ್ತ್ರಿ, ಕೊನೇ ಮೂರು ಸಾಲು ಬಿಟ್ಟು ಇನ್ನೊಂದು ಹಾಳೇಲಿ ಬರ್ಕೊಂಡು ಬನ್ನಿ. ರಿಟೈರ್ ಆಗೋಕೆ ಎರಡು ವರ್ಷ ಇದೆ. ಯಾರಿಗೆ ಬೇಕು ಈಗ ಇದು?"

"ಹೊರಗೆ ಒಬ್ಬಳು ನಿಂತಿದ್ದಾಳೆ ಸಾರ್. ಅವಳಿಗೆ ಬೇಕು."

ಕಿಟಕಿಯಿಂದ ನೋಡಿದರು. ಅವಳು ಅಂಗಳದಲ್ಲಿ ಹೆಲ್ಮೆಟ್ ಹಿಡಿದು ನಿಂತಿದ್ದಳು. ಸಾಹೇಬರು ಸೀಲು ಒತ್ತಿದರು.

ಏಪ್ರಿಲ್ 9, ಬುಧವಾರ

ಸಸ್ಪೆಂಡ್ ಆರ್ಡರ್ ಬಂತು. ಹಳೇ ಫೈಲು ಮತ್ತೆ ತೆರೆಯುತ್ತಾರಂತೆ. ಗ್ಯಾಂಗಿನವರೆಲ್ಲರ ಎದುರು ಸಾಹೇಬರು ಪತ್ರ ಓದಿದರಂತೆ — ಅಜಾಗರೂಕತೆ ಅನ್ನುವ ಮಾತು ಹಿಂದಕ್ಕೆ ತೆಗೆದುಕೊಂಡಿದೆ ಅಂತ. ಅವಳು ಹೋಗಿ ಮರ ಹತ್ತಿದಳಂತೆ. ಊಟಕ್ಕೂ ಇಳಿಯಲಿಲ್ಲವಂತೆ.

ಮನೆಯಲ್ಲಿ ಕೂತಿದ್ದೇನೆ. ಸದ್ದು ಹೋಗುತ್ತೆ ಅಂದುಕೊಂಡಿದ್ದೆ. ಹೋಗಿಲ್ಲ. ಹೆಂಡತಿ ಮಿಕ್ಸಿ ಹಾಕಿದರೆ ಒಳಗೆ ಏಳನೆಯದು. ಮಿಕ್ಸಿ ಆರಿಸಿದರೂ ಅದು ಆರುವುದಿಲ್ಲ.

"ಎಲ್ಲಾ ಹೇಳಿ ಆಯ್ತಲ್ಲ, ಇನ್ನೂ ಏನು?" ಅಂದಳು ಹೆಂಡತಿ.

ಏನೂ ಇಲ್ಲ ಅಂದೆ.

ಏಪ್ರಿಲ್ 13, ಭಾನುವಾರ. ಬೆಳಗ್ಗೆ 10

ಅತ್ತಿಗೆ ಬಂದಿದ್ದರು. ಒಬ್ಬರೇ. ಬಸ್ಸಿನಲ್ಲಿ. ಒಳಗೆ ಬನ್ನಿ ಅಂದೆ, ಬರಲಿಲ್ಲ. ಮೆಟ್ಟಿಲ ಮೇಲೇ ನಿಂತರು.

"ಮಗಳಿಗೆ ಅವಳಪ್ಪನ ಹೆಸರು ವಾಪಸ್ ಸಿಕ್ತು. ನನಗೆ ಇನ್ನೊಂದು ಬೇಕು. ನೀನು ತಂತಿ ಸುತ್ತಿದ್ದು ನಿಮ್ಮಣ್ಣಂಗೆ ಗೊತ್ತಿತ್ತಾ? ಗೊತ್ತಿದ್ದೂ ತಗೊಂಡು ಹೋದ್ನಾ?"

ಕುರ್ಚಿ ತರ್ತೀನಿ ಅಂದೆ.

"ಬಾಯಲ್ಲಿ ಬರದಿದ್ರೆ ಬರೆದು ಕೊಡು. ಬರೆಯೋದು ನಿನಗೆ ಬರುತ್ತಲ್ಲ. ನಾಳೆ ಬರ್ತೀನಿ."

ಹೋದರು. ತಿರುಗಿ ನೋಡಲಿಲ್ಲ.

ಏಪ್ರಿಲ್ 13. ಮಧ್ಯಾಹ್ನ 3.20

ಎರಡು ಹಾಳೆ ಹರಿದೆ. ಇಲ್ಲೇ ಬರೆದು, ಇದನ್ನೇ ಹರಿದು ಕೊಡುತ್ತೇನೆ.

ಅತ್ತಿಗೆ, ಅವತ್ತು ಬೆಳಗ್ಗೆ ಏಳೂಕಾಲು. ಟೇಪು ಕಪ್ಪು, ಹಿಡಿ ಕಪ್ಪು, ನೋಡಿದರೆ ಗೊತ್ತಾಗುತ್ತಿರಲಿಲ್ಲ. ಅಣ್ಣ ಬಂದ. ನಾನು ಬೇರೆ ಮಷಿನ್‌ನ ಪ್ಲಗ್ ಒರೆಸುತ್ತಿದ್ದೆ. ಏಳನ್ನು ಎತ್ತಿಕೊಂಡ. ಒಂದು ಕೈಯಲ್ಲಲ್ಲ, ಎರಡು ಕೈಯಲ್ಲಿ. ಬಾಗಿಲ ತನಕ ಹೋದ. ಅಲ್ಲಿ ನಿಂತ. ತಿರುಗಿದ. "ಏನೋ, ಬ್ರೇಕ್ ಸರಿ ಮಾಡಿದ್ಯಾ?" ಅಂತ ಕೇಳಿದ.

ನಾನು ತಲೆ ಎತ್ತಲಿಲ್ಲ. "ಹೂಂ" ಅಂದೆ.