ಹಳದಿ ಗೆರೆಯೊಳಗೆ

ಮಾರ್ಚ್ ೯, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಕಾಗದಕ್ಕೆ ಇಷ್ಟು ತಡವಾಗಿ ಬರೆಯುತ್ತಿದ್ದೇನೆ, ಎಷ್ಟು ಬೇಕೋ ಅಷ್ಟು ಬೈದುಕೋ. ಭಾವನ ಮಂಡಿನೋವು ಹೇಗಿದೆ?

ನಾವು ಅದೇನು ಮಾಡುತ್ತೇವೆಂದು ಕೇಳಿದ್ದೆಯಲ್ಲ. ಪ್ರೋಟಾನು, ನ್ಯೂಟ್ರಾನುಗಳ ಹೊಟ್ಟೆಯಲ್ಲಿ ಕ್ವಾರ್ಕುಗಳಿವೆ. ಒಂದೊಂದಕ್ಕೂ ಸ್ಪಿನ್ ಎಂಬ ತಿರುಗುವ ಗುಣ. ಎಲ್ಲವನ್ನೂ ಕೂಡಿಸಿದರೂ ಪ್ರೋಟಾನಿನ ಸ್ಪಿನ್ನಿನ ಮೂರನೇ ಒಂದು ಪಾಲಷ್ಟೇ ಸಿಗುತ್ತದೆ. ಉಳಿದದ್ದು ಎಲ್ಲಿ ಹೋಯಿತೆಂದೇ ನಮ್ಮ ತಲೆನೋವು. ಭಾರೀ ಮ್ಯಾಗ್ನೆಟ್ಟಿನೊಳಗೆ ಕಣಗಳನ್ನು ಒಮ್ಮೆ ಮೇಲ್ಮುಖ, ಒಮ್ಮೆ ಕೆಳಮುಖ ನಿಲ್ಲಿಸಿ ಎಲೆಕ್ಟ್ರಾನುಗಳಿಂದ ಹೊಡೆಯುತ್ತೇವೆ. ಎರಡರ ವ್ಯತ್ಯಾಸದಲ್ಲಿ ಉತ್ತರವಿದೆ. ಮ್ಯಾಗ್ನೆಟ್ಟಿನ ಸುತ್ತ ಹಳದಿ ಗೆರೆ. ಅದರೊಳಗೆ ಹಿತ್ತಾಳೆಯ ಸಾಮಾನು ಮಾತ್ರ, ಕಬ್ಬಿಣ ಒಯ್ಯಕೂಡದು.

ದಿಕ್ಕು ತಿರುಗಿಸುವುದು ನನ್ನ ಗಂಡನ ಕೆಲಸ. ಈ ಸಲ ತಿರುಗಿಸಿದ, ಕಂಪ್ಯೂಟರಿಗೆ ತಿಳಿಸುವುದನ್ನೇ ಮರೆತ. ಮೇಲಿನದೂ ಕೆಳಗಿನದೂ ಕಲಸಿಹೋಗಿ ಎಲ್ಲ ಸೊನ್ನೆ. ಪುಣ್ಯಾತ್ಮ, ನ್ಯೂಟ್ರಾನಿನಲ್ಲಿ ಕ್ವಾರ್ಕುಗಳ ಪಾಲೇ ಸೊನ್ನೆ ಎಂದು ಡಂಗುರ ಸಾರಲು ಹೊರಟಿದ್ದ. ಉತ್ತರ ಮೊದಲೇ ಗೊತ್ತಿರುವ ಪ್ರೋಟಾನಿಗೂ ಸೊನ್ನೆಯೇ ಬಂದದ್ದನ್ನು ನಾನು ಮೊನ್ನೆ ಮೀಟಿಂಗಿನಲ್ಲಿ ತೋರಿಸಿದೆ. "ಅಯ್ಯೋ, ದಿಕ್ಕೇ ತಪ್ಪಿದೆಯಲ್ರೀ!" ಎಂದು ಬಾಸ್ ನಕ್ಕುಬಿಟ್ಟರು. ಎಲ್ಲರೂ ನಕ್ಕರು.

ಅವತ್ತೇ ಮಧ್ಯಾಹ್ನ ನಾನು ಮ್ಯಾಗ್ನೆಟ್ಟಿನ ಪಕ್ಕ ಕೇಬಲ್ಲು ನೋಡುತ್ತಿದ್ದೆ. ಗೆರೆಯಾಚೆ ಪಂಪು ಬಿಚ್ಚುತ್ತಿದ್ದ ಗಂಡ ಕೈಯಲ್ಲಿದ್ದ ಸ್ಪ್ಯಾನರ್ ಹಿಡಿದೇ ನುಗ್ಗಿ ಬಂದ. "ಎಲ್ಲರ ಮುಂದೆ ನನ್ನ ಮಾನ ಕಳೀತೀಯೇನೇ?" ಎನ್ನುತ್ತ ಕೂದಲು ಹಿಡಿದು ತಲೆಯನ್ನು ಕಂಬಕ್ಕೆ ಬಡಿದ. ಹುಬ್ಬು ಒಡೆಯಿತು. "ಬಿಡೋ, ಕೈಯಲ್ಲಿ ಕಬ್ಬಿಣ ಇದೆ!" ಎಂದು ಕಿರುಚಿದೆ. ಕೇಳಿಸಿಕೊಳ್ಳುವ ಸ್ಥಿತಿಯಲ್ಲಿದ್ದನೇ? ನನ್ನ ತಲೆಗೆಂದು ಸ್ಪ್ಯಾನರ್ ಎತ್ತಿದ. ಮ್ಯಾಗ್ನೆಟ್ಟು ಅದನ್ನು ಕೈಸಮೇತ ಎಳೆದುಕೊಂಡಿತು. ಟಣ್ಣೆಂದ ಸದ್ದಿನ ಜೊತೆಗೇ ಮೂಳೆ ಮುರಿದದ್ದೂ ಕೇಳಿಸಿತು. ಅವನ ಬಲಗೈಯ ಎರಡು ಬೆರಳು ಅಪ್ಪಚ್ಚಿ; ಆಸ್ಪತ್ರೆಯಲ್ಲಿ ಕತ್ತರಿಸಿದರು. ನನ್ನ ಮುಖದ ತುಂಬ ರಕ್ತ, ಅವನದೆಷ್ಟೋ ನನ್ನದೆಷ್ಟೋ. ಇಲ್ಲಿ ಎಲ್ಲರೂ ಅಪಘಾತ ಎನ್ನುತ್ತಿದ್ದಾರೆ. ನನಗೆ ಅಯ್ಯೋ ಪಾಪ ಅನ್ನಿಸಲಿಲ್ಲ ಅಕ್ಕಾ, ಹಾಳಾಗಿ ಹೋಗಲಿ ಅನ್ನಿಸಿತು.

ಮುಂದಿನ ಭಾನುವಾರ ಅವನನ್ನು ಮನೆಗೆ ಕಳಿಸುತ್ತಾರಂತೆ. ಶನಿವಾರವೇ ನಾನು ಹೊರಟು ನಿನ್ನಲ್ಲಿಗೆ ಬರುತ್ತೇನೆ. ಭಾವನಿಗೆ ನಮಸ್ಕಾರ. ಮಕ್ಕಳು ನೂರ್ಕಾಲ ತಣ್ಣಗಿರಲಿ.

ನಿನ್ನ ಜಗಳಗಂಟಿ ತಂಗಿ

ತಾ.ಕ.: ಹಿಂದೆ ಅವನು ನನ್ನ ದವಡೆ ಮುರಿದಾಗ ನಿನಗೊಬ್ಬಳಿಗೇ ಹೇಳಿದ್ದೆ. "ಗಂಡಸರಿಗೆ ಕೋಪ ಇರತ್ತೆ ಕಣೇ, ಸ್ವಲ್ಪ ಹೊಂದಿಕೊಂಡು ಹೋಗು" ಅಂದವಳು ನೀನು. ಹೊಂದಿಕೊಂಡೆ. ಈ ಸಲ ಮಾತ್ರ ಹಾಗನ್ನಬೇಡ. ಅವನ ಎಡಗೈ ನೆಟ್ಟಗಿದೆ, ನಮ್ಮ ಮನೆಯಲ್ಲಿ ಮ್ಯಾಗ್ನೆಟ್ಟಿಲ್ಲ.