ಕುರ್ಚಿ ಬಿಟ್ಟೇಳದೆ ಪಂದ್ಯ ಗೆದ್ದ ನಮ್ಮತ್ತೆಯ ವಿಷಯ

ಹಿರಿಯರ ಕ್ಷೇಮದ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ನಮ್ಮತ್ತೆ ಬೊಮ್ಮಮ್ಮನವರು ‘ದೈಹಿಕವಾಗಿ ಸದೃಢರು’ ಎಂದು ತಾವು ಬರೆದ ಕಾಗದ ತಲುಪಿತು. ಅವರನ್ನು ಮಗ್ಗುಲಿಗೆ ಹೊರಳಿಸಿ ಬೆನ್ನಿನ ಹುಣ್ಣು ತೊಳೆಯುತ್ತಲೇ ಓದಿ ಹೇಳಿದೆ. ಅವರಿಗೆ ಎಂಬತ್ತನಾಲ್ಕು ವರ್ಷ. ಮಡಚಿದ ಮೊಣಕಾಲು ಆರು ವರ್ಷದಿಂದ ನೆಟ್ಟಗಾಗಿಲ್ಲ. ವಾರಕ್ಕೊಮ್ಮೆ ಮನೆಗೊಬ್ಬ ದಾದಿಯನ್ನು ಕಳಿಸಿ ಎಂದು ನಾವು ಬೇಡಿಕೊಂಡಿದ್ದೆವು. ನಮ್ಮ ಮನೆಯವರು ಲಾರಿ ಓಡಿಸುತ್ತಾರೆ, ತಿಂಗಳಿಗೆ ನಾಲ್ಕು ದಿನ ಊರಲ್ಲಿದ್ದರೆ ಹೆಚ್ಚು. ಇದ್ದರೂ ಅತ್ತೆ ಅವರಿಂದ ಮೈ ತೊಳೆಸಿಕೊಳ್ಳುವುದಿಲ್ಲ. “ಮಗ ಆದ್ರೇನು, ಗಂಡಸು ಗಂಡಸೇ” ಎನ್ನುತ್ತಾರೆ. ಅತ್ತ ತೆಲಿಗಿಯಲ್ಲಿ ನನ್ನ ಹೆತ್ತವ್ವ ಹಾಸಿಗೆ ಹಿಡಿದಿದ್ದಾಳೆ. ದಾದಿ ಬಂದರೆ ಮಾತ್ರ ನಾನು ಒಂದು ದಿನ ಹೋಗಿ ಅವಳ ಮುಖ ನೋಡಿ ಬರಬಹುದು. ಸದೃಢರ ಮನೆಗೆ ದಾದಿಯನ್ನು ಕಳಿಸಲು ಅವಕಾಶವಿಲ್ಲವೆಂದು ತಾವು ಬರೆದಿದ್ದೀರಿ. ಇಂಥ ಸದೃಢರು ತಮ್ಮ ಮನೆಯಲ್ಲಿ ಎಷ್ಟು ಜನರಿದ್ದಾರೆ, ಸ್ವಾಮಿ?

ಈ ಪದವಿ ಅತ್ತೆಗೆ ಒಲಿದದ್ದು ಹೇಗೆಂದು ತಮ್ಮ ಕಡತ ಹೇಳಲಾರದು, ನಾನೇ ಹೇಳುತ್ತೇನೆ. ಹೋದ ವರ್ಷ, ಅಂದರೆ ೧೯೯೯ರ ಅಕ್ಟೋಬರಿನಲ್ಲಿ, ಹೊಸಹಳ್ಳಿಯಲ್ಲಿ ಹಿರಿಯರ ದಿನದ ಶಿಬಿರ ಇಟ್ಟಿರಿ. ಎದ್ದು ಓಡಾಡಲಾಗದವರು ಖುದ್ದಾಗಿ ಬಂದು, ತಮಗೆ ಬರಲಾಗುವುದಿಲ್ಲವೆಂದು ಹೆಸರು ಬರೆಸಬೇಕು ಎಂದು ಡಂಗುರ ಹೊಡೆಸಿದಿರಿ. ಆ ಅಪ್ಪಣೆ ಬರೆದ ಕೈಗೆ ನಮಸ್ಕಾರ! ಬಸ್ಸಿನ ಮೆಟ್ಟಿಲು ಹತ್ತಿಸಲಾಗದು, ಬಂಡಿ ಕುಲುಕಿದರೆ ಹುಣ್ಣು ಒಡೆದೀತು. ಕಡೆಗೆ ಕಟ್ಟಿಗೆಯ ಕುರ್ಚಿಗೆ ಕೌದಿ ಹಾಸಿ, ಎರಡು ಬಿದಿರು ಬಿಗಿದು, ನಾಲ್ವರು ಹೆಗಲು ಕೊಟ್ಟರು. ನಮ್ಮ ಕಡೆ ಹೀಗೆ ಕೂಡಿಸಿಕೊಂಡು ಹೊತ್ತೊಯ್ಯುವುದು ಹೆಣವನ್ನು. ದಾರಿಯುದ್ದಕ್ಕೂ ಜನ ಚಪ್ಪಲಿ ಬಿಟ್ಟು ಕೈಮುಗಿದರು. ಹೊಸಹಳ್ಳಿಯ ಚಹಾದಂಗಡಿಯ ಪಾಲಣ್ಣ ಅಂಗಡಿ ಬಾಗಿಲು ಮುಚ್ಚಿ, “ಪುಣ್ಯಾತಗಿತ್ತಿ, ಯಾವಾಗ ಹೋದ್ಲು?” ಎಂದು ಕಣ್ಣೊರೆಸಿಕೊಂಡ.

“ಇನ್ನೂ ಅದೀನಲೇ ಮೂಳ, ಬಾಗಿಲ ತಗದು ಚಾ ಹಾಕು!” ಎಂದರು ಅತ್ತೆ. ಪಾಪ, ಪಾಲಣ್ಣನ ಕೈಯಲ್ಲಿನ ಬಟ್ಟಲು ಬಿದ್ದು ಒಡೆಯಿತು.

ಶಿಬಿರದಲ್ಲಿ ನೆರಳಿದ್ದದ್ದು ಒಂದೇ ಶಾಮಿಯಾನದ ಕೆಳಗೆ. ಅಲ್ಲಿದ್ದ ಕುರ್ಚಿಗಳ ಸಾಲಿನಲ್ಲೇ ಅತ್ತೆಯ ಕುರ್ಚಿ ಇಳಿಸಿ ಹೊತ್ತವರು ನೀರು ಕುಡಿಯಲು ಹೋದರು, ನಾನು ಹೆಸರು ಬರೆಸುವ ಸಾಲಿಗೆ ನಿಂತೆ. ಅಲ್ಲಿ ದುಂಡಗೆ ಕುರ್ಚಿ ಜೋಡಿಸಿದ್ದು ಮ್ಯೂಸಿಕಲ್ ಚೇರ್ ಪಂದ್ಯಕ್ಕೆಂದು ನಮಗೇನು ಗೊತ್ತು? ಮೈಕಿನಲ್ಲಿ ಹಾಡು ಹಚ್ಚಿದರು. ಮುದುಕ ಮುದುಕಿಯರು ಏದುಸಿರು ಬಿಡುತ್ತ ಸುತ್ತಿದರು. ಹಾಡು ನಿಂತಾಗಲೆಲ್ಲ ಅತ್ತೆ ಕೂತೇ ಇದ್ದರು. ಸುತ್ತಿಗೊಂದು ಕುರ್ಚಿ ತೆಗೆದರೂ ಬಿದಿರು ಕಟ್ಟಿದ ಕುರ್ಚಿಗೆ ಯಾರೂ ಕೈ ಹಚ್ಚಲಿಲ್ಲ. ಕೊನೆಗೆ ಉಳಿದವರು ಇಬ್ಬರು, ನಮ್ಮತ್ತೆ ಮತ್ತು ನಿವೃತ್ತ ಮೇಷ್ಟ್ರು ಗಾದೆಪ್ಪನವರು.

“ಅಕಿ ಎದ್ದೇ ಇಲ್ಲರೀ! ಇದೆಂಥಾ ಆಟ?” ಎಂದು ಮೇಷ್ಟ್ರು ಕೂಗಾಡಿದರು.

“ಕುರ್ಚಿ ಬಿಡದಂಗ ಇರೋದೇ ಆಟ ಅಲ್ಲೇನ್ರಿ ಮೇಷ್ಟ್ರ? ಸುಮ್ನ ಕುಂದರ್ರಿ” ಎಂದರು ಮೈಕಿನವರು.

ಸಾಲು ಬಿಟ್ಟು ನಾನು ಓಡಿ ಬರುವಷ್ಟರಲ್ಲಿ ಅತ್ತೆಯ ಕೊರಳಿಗೆ ಹಾರ ಬಿದ್ದಿತ್ತು. ಬಹುಮಾನವಾಗಿ ಒಂದು ಜೊತೆ ಓಟದ ಬೂಟು, ಜೊತೆಗೆ ‘ಅತ್ಯಂತ ಚುರುಕಿನ ಹಿರಿಯರು’ ಎಂಬ ಪ್ರಮಾಣಪತ್ರ. ಅದಕ್ಕೆ ರುಜು ಹಾಕಿದವರು ತಾವೇ.

ಅದೇ ಕಾಗದ ಈಗ ನಮ್ಮ ಕೊರಳಿಗೆ ಉರುಲಾಗಿದೆ. ತಮ್ಮ ಕಚೇರಿಗೆ ಮೂರು ಸಲ ಅಲೆದೆ. “ನಮ್ಮತ್ತಿಗೆ ಎದ್ದು ನಿಂದ್ರಾಕ ಆಗಾಂಗಿಲ್ರಿ ಸಾಹೇಬ್ರ” ಎಂದರೆ ಗುಮಾಸ್ತರು ಕಡತ ತೋರಿಸಿ, “ಆಟದಾಗ ಫಸ್ಟ್ ಬಂದಾರಲ್ಲಮ್ಮ! ಅಂಥೋರ ಮನಿಗೆ ದಾದಿ ಕಳಿಸಿದ್ರ ಮ್ಯಾಲಿನೋರು ನಮ್ಮನ್ನ ಕೇಳಾಂಗಿಲ್ಲೇನು? ಮುಂದಿನ ವರ್ಷ ಸೋತು ಬರ್ರಿ” ಎಂದರು. ಸೋಲಲು ಅತ್ತೆ ಒಪ್ಪಿದ್ದಾರೆ, ಸ್ವಾಮಿ. ಆದರೆ ಸೋಲಬೇಕಾದರೆ ಕುರ್ಚಿ ಬಿಟ್ಟು ಏಳಬೇಕು. ಅದಾಗುವಂತಿದ್ದರೆ ನಾವು ತಮ್ಮ ಬಾಗಿಲಿಗೆ ಯಾಕೆ ಬರುತ್ತಿದ್ದೆವು?

ತಮ್ಮ ಅರ್ಜಿ ನಮೂನೆಯಲ್ಲಿ ಹನ್ನೆರಡು ಕಾಲಂಗಳಿವೆ. ಅತ್ತೆಯ ಗಂಡನ ತಂದೆಯ ಹೆಸರಿಗೂ ಜಾಗವಿದೆ. ಅತ್ತೆಗೆ ಏನು ಬೇಕೆಂದು ಕೇಳುವುದಕ್ಕೆ ಇಲ್ಲ. ಅವರನ್ನು ಆರು ವರ್ಷ ಹೊರಳಿಸಿದ ನಾನೂ ಒಮ್ಮೆಯೂ ಕೇಳಿರಲಿಲ್ಲ ಎಂಬುದು ನಾಚಿಕೆಯ ಮಾತು. ನಿನ್ನೆ ಈ ಪತ್ರ ಬರೆಯಲು ಕೂತವಳು ಕೇಳಿಯೇಬಿಟ್ಟೆ: “ಅತ್ತಿ, ನಿಮಗೇನು ಬೇಕು ಅಂತ ಬರೀಲಿ?”

ಅತ್ತೆ ನನ್ನ ಕೈಯ ಪೆನ್ನಿನತ್ತ ಬೆರಳು ಮಾಡಿದರು. “ದಾದಿ ನನಗಲ್ಲ, ನಮ್ಮ ಸೊಸಿಗೆ ಅಂತ ಬರಿ. ನಿಮ್ಮವ್ವನ ಕಾಗದ ದಿಂಬಿನ ಕೆಳಗ ಬಚ್ಚಿಟ್ಟು ಅಳ್ತೀಯಲ್ಲ, ನನಗ ಗೊತ್ತಿಲ್ಲೇನು? ಒಂದಿನ ಯಾರರ ನನ್ನ ಹೊಳ್ಳಿಸಿದ್ರ ಸಾಕು. ಅಕಿ ಜೀವ ಇರೋದ್ರಾಗ ಹೋಗಿ ಬಾ.”

ಅವರು ಹೇಳಿದ್ದನ್ನು ಹಾಗೆಯೇ ಬರೆದಿದ್ದೇನೆ. ಬರುವ ಮಂಗಳವಾರ ಒಬ್ಬ ದಾದಿಯನ್ನು ಕಳಿಸಿ. ಮುಂಜಾನೆ ಬಸ್ಸಿಗೆ ಹೋದವಳು ಸಂಜೆ ಬಸ್ಸಿಗೆ ಬರುತ್ತೇನೆ. ಅದಕ್ಕೂ ತಮ್ಮ ನಿಯಮ ಅಡ್ಡ ಬಂದರೆ ತಾವೇ ಬನ್ನಿ. ಹೊರಳಿಸುವುದು ಹೇಗೆಂದು ಹೇಳಿಕೊಡುತ್ತೇನೆ.

ಇಂತಿ,
ಕೇಳಲು ಆರು ವರ್ಷ ತಡಮಾಡಿದ ಸೊಸೆ,
ದುರ್ಗಾ